ಸಿರಪ್ ಅರ್ಧ ಮಾಡಿದ್ದೇನೆ, ಮಗನ ಹಿಮ್ಮಡಿ ನೆಲ ಮುಟ್ಟುತ್ತಿಲ್ಲ

ಪ್ರಶ್ನೆ (ಜೂನ್ 2021, ಪತ್ರವನ್ನು ಚಿಕ್ಕದು ಮಾಡಿ ಕೊಟ್ಟಿದೆ): ನಾವಿರುವುದು ಕೊಡಗಿನ ಸಿದ್ದಾಪುರದ ಹತ್ತಿರದ ಕಾಫಿ ತೋಟದಲ್ಲಿ. ಯಜಮಾನರು ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು). ಮಗನಿಗೆ 9 ವರ್ಷ, ತೂಕ 19 ಕಿಲೋ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ತೊಂದರೆ). ಕೈಕಾಲು ನಾಲ್ಕೂ ಬಿಗಿ, ಮಾತಿಲ್ಲ, ಫಿಟ್ಸ್ ಇದೆ. ಹದಿನೈದು ದಿನಕ್ಕೊಮ್ಮೆ ಮೈಸೂರಿಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆವು. ಕಳೆದ ವರ್ಷ ಮಾರ್ಚ್‌ನಿಂದ ಅದು ನಿಂತಿದೆ, ವಿಶೇಷ ಶಾಲೆಯೂ ಮುಚ್ಚಿದೆ. ಆನ್‌ಲೈನ್ ಕ್ಲಾಸ್ ಎನ್ನುತ್ತಾರೆ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಈಗ ಅವನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಪಾದವನ್ನು ನೇರವಾಗಿ ಹಿಡಿದಿಡುವ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿದರೆ ಅಳುತ್ತಾನೆ. ರಾತ್ರಿ ಎದ್ದು ತಲೆ ಹೊಡೆದುಕೊಳ್ಳುತ್ತಾನೆ. ಕೊರೊನಾದ ಮೂರನೇ ಅಲೆ ಮಕ್ಕಳಿಗೇ ಬರುತ್ತದೆ, ಇಂಥ ಮಕ್ಕಳಿಗೆ ಮೊದಲು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾಸ್ಕ್ ಹಾಕಿದರೆ ಕಿರುಚುತ್ತಾನೆ. ಶಕ್ತಿ ಬರಲೆಂದು ದಿನಾ ಕರಿಮೆಣಸಿನ ಕಷಾಯ ಕುಡಿಸುತ್ತಿದ್ದೇನೆ. ಫಿಟ್ಸ್ ಔಷಧಿಯಿಂದ ಶಕ್ತಿ ಕುಗ್ಗುತ್ತದೆ ಎಂದು ಪಕ್ಕದವರು ಹೇಳಿದರು. ಸಿರಪ್ ಸಿಗುವುದೂ ಕಷ್ಟ. ಹಾಗಾಗಿ ಹತ್ತು ದಿನದಿಂದ ಅರ್ಧ ಕೊಡುತ್ತಿದ್ದೇನೆ. ಅತ್ತೆಗೆ 68. ಅವನ ಎಲ್ಲ ಕೆಲಸವೂ ನನ್ನದೇ. ನನಗೆ ಕೊರೊನಾ ಬಂದರೆ ಇವನನ್ನು ಯಾರು ನೋಡುತ್ತಾರೆ?

ಉತ್ತರ: ಮೂರನೇ ಅಲೆಯ ಬಗ್ಗೆ ನೀವು ಅರ್ಧ ಪುಟ ಬರೆದಿದ್ದೀರಿ, ಸಿರಪ್ ಅರ್ಧ ಮಾಡಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಓದುತ್ತಾ ನನಗೆ ಭಯವಾದದ್ದು ಆ ಒಂದು ಸಾಲಿನಿಂದ. ನಿಮ್ಮ ಮಗನಿಗೆ ವೈರಸ್ಸಿಗಿಂತ ಹತ್ತಿರದ ಅಪಾಯಗಳೆಂದರೆ ಈ ಹದಿನೈದು ತಿಂಗಳಲ್ಲಿ ನಿಂತುಹೋದ ಸಂಗತಿಗಳು. ಔಷಧಿ ಕಡಿಮೆಯಾಯಿತು, ಕಾಲಿನ ಆರೈಕೆ ನಿಂತಿತು, ದಿನಚರಿ ಕಳೆದುಹೋಯಿತು. ಎಲ್ಲದರ ಭಾರ ಒಬ್ಬರ ಮೇಲೆ ಬಿತ್ತು.

ಮೊದಲು ಸಿರಪ್. ಈ ಉತ್ತರ ಓದಿದ ದಿನವೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಮೊದಲು ಎಷ್ಟು ಮಿ.ಲೀ. ಕೊಡುತ್ತಿದ್ದಿರಿ, ಈಗ ಎಷ್ಟು, ಎಷ್ಟು ದಿನದಿಂದ, ಈ ನಡುವೆ ಫಿಟ್ಸ್ ಬಂದಿದೆಯೇ ಎಂದು ನಾಲ್ಕೂ ಹೇಳಿ. ಪೂರ್ತಿ ಪ್ರಮಾಣಕ್ಕೆ ಮರಳುವುದು ಹೇಗೆಂದು ಅವರು ಹೇಳುತ್ತಾರೆ. ಅಲ್ಲಿಯವರೆಗೆ ಇನ್ನಷ್ಟು ಕಡಿಮೆ ಮಾಡಬೇಡಿ, ನಿಲ್ಲಿಸಲಂತೂ ಬೇಡಿ. ಈ ಔಷಧಿ ಕೆಲಸ ಮಾಡುವುದು ರಕ್ತದಲ್ಲಿ ಒಂದು ಮಟ್ಟ ಇರುವವರೆಗೆ. ಮಟ್ಟ ಇಳಿದ ಮೇಲೂ ಕೆಲವು ದಿನ ಏನೂ ಆಗದೆ ಇರಬಹುದು, ಆಗ ಅರ್ಧವೇ ಸಾಕು ಎನಿಸುತ್ತದೆ. ಆಮೇಲೆ ಒಂದು ಸಣ್ಣ ಜ್ವರ ಬಂದರೂ ಸಾಕು. ಜ್ವರವೇ ಫಿಟ್ಸ್ ಸುಲಭವಾಗಿ ಬರುವಂತೆ ಮಾಡುತ್ತದೆ, ಔಷಧಿಯೂ ಕಡಿಮೆ ಇದ್ದರೆ ನಿಲ್ಲದ ಫಿಟ್ಸ್ ಬರಬಹುದು. ಅದು ಜೀವಕ್ಕೇ ಅಪಾಯ.

ಪಕ್ಕದವರ ಮಾತು ಪೂರ್ತಿ ಬುಡವಿಲ್ಲದ್ದಲ್ಲ. ಎಳೆಗೂಸುಗಳ ಒಂದು ಬಗೆಯ ಫಿಟ್ಸ್‌ಗೆ ಸ್ಟೀರಾಯ್ಡ್ ಕೊಡುತ್ತಾರೆ, ಅದು ರೋಗನಿರೋಧಕ ಶಕ್ತಿಯನ್ನು ನಿಜವಾಗಿಯೂ ತಗ್ಗಿಸುತ್ತದೆ. ನಿಮ್ಮ ಮಗನ ಸಿರಪ್, ಅಂದರೆ ವಾಲ್‌ಪ್ರೊಯೇಟ್, ಅಂಥ ಔಷಧಿಯಲ್ಲ.

ಸಿಗದಿರುವ ಸಮಸ್ಯೆಗೆ ದಾರಿ ಇದೆ. ಚೀಟಿಯ ಫೋಟೋವನ್ನು ಮನೆಯ ಎರಡು ಫೋನಿನಲ್ಲೂ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಬ್ರಾಂಡ್ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನೂ 5 ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಎಂಬುದನ್ನೂ ಹೇಳಿ ಕೇಳಿ. ಬ್ರಾಂಡ್ ಬದಲಾದರೆ ಆ ಎರಡನೇ ಅಂಕಿ ಅದೇ ಇದೆಯೇ ನೋಡಿ, ವೈದ್ಯರಿಗೂ ತಿಳಿಸಿ. ಸಿರಪ್ ಇಲ್ಲವೆಂದು ಮಾತ್ರೆ ಕೊಟ್ಟರೆ ಕೇಳದೆ ಪುಡಿ ಮಾಡಬೇಡಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಇಳಿಯಬೇಕಾದ ಔಷಧಿ ಒಟ್ಟಿಗೆ ಇಳಿಯುತ್ತದೆ. ಅಳತೆಗೆ ಸೂಜಿಯಿಲ್ಲದ ಸಿರಿಂಜ್ ಬಳಸಿ, ಅಡುಗೆಮನೆಯ ಚಮಚ ಒಂದೊಂದು ಒಂದೊಂದು ಅಳತೆ. ಫೋನ್ ಮೂಲಕ ನೋಡಿ ಚೀಟಿ ಬರೆಯಲು ವೈದ್ಯರಿಗೆ ಮಾರ್ಚ್ 2020ರಿಂದ ನಿಯಮಗಳಲ್ಲೇ ಅವಕಾಶವಿದೆ, ಸಂಕೋಚವಿಲ್ಲದೆ ಕೇಳಿ. ಮಳೆಗಾಲದಲ್ಲಿ ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಔಷಧಿ ಹೆಚ್ಚಿಗೆ ಇರಲಿ. ಕೊಡಗಿನ ರಸ್ತೆ ಮುಚ್ಚಲು ಲಾಕ್‌ಡೌನೇ ಬೇಕಿಲ್ಲ, ಒಂದು ಮರ ಬಿದ್ದರೆ ಸಾಕು.

ಜ್ವರ ಬಂದರೆ ಪ್ಯಾರಸಿಟಮಾಲ್. 19 ಕಿಲೋ ಮಗುವಿಗೆ ಒಂದು ಸಲಕ್ಕೆ 250 ಮಿ.ಗ್ರಾಂ. ಸರಿಯಾದ ಪ್ರಮಾಣ. ಎಡವಟ್ಟಾಗುವುದು ಬಾಟಲಿಯಲ್ಲಿ. 5 ಮಿ.ಲೀ.ಗೆ 250 ಎಂದಿದ್ದರೆ 5 ಮಿ.ಲೀ., 5 ಮಿ.ಲೀ.ಗೆ 125 ಎಂದಿದ್ದರೆ 10 ಮಿ.ಲೀ. ಕನಿಷ್ಠ 6 ಗಂಟೆಯ ಅಂತರ, ದಿನಕ್ಕೆ ನಾಲ್ಕು ಸಲ ಮೀರಬಾರದು. ಆಸ್ಪಿರಿನ್ ಕೊಡಬೇಡಿ.

ಫಿಟ್ಸ್ ಬಂದರೆ ಗಡಿಯಾರ ನೋಡಿ. ಪಕ್ಕಕ್ಕೆ ಮಲಗಿಸಿ, ಕುತ್ತಿಗೆಯ ಬಟ್ಟೆ ಸಡಿಲ ಮಾಡಿ, ಜೊಲ್ಲು ತಾನೇ ಹೊರಗೆ ಹರಿಯಲಿ. ಬಾಯಿಗೆ ಚಮಚ, ನೀರು, ಬೆರಳು ಯಾವುದೂ ಬೇಡ. ಕೈಗೆ ಕಬ್ಬಿಣ ಕೊಟ್ಟರೆ, ಈರುಳ್ಳಿ ಮೂಸಿಸಿದರೆ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾವಾಗಿ ನಿಲ್ಲುವುದರಿಂದ ಈರುಳ್ಳಿಗೆ ಹೆಸರು ಬಂದಿದೆ, ಅಷ್ಟೇ. 5 ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದು ನಡುವೆ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. ನಿಮ್ಮ ತೋಟಕ್ಕೆ ಆಂಬ್ಯುಲೆನ್ಸ್ ಬರಲು ಎಷ್ಟು ಹೊತ್ತಾಗುತ್ತದೆ ಎಂಬುದು ನಿಮಗೇ ಗೊತ್ತು, ಹಾಗಾಗಿ ತೋಟದ ಜೀಪಿನ ಚಾಲಕರ ನಂಬರ್ ಗೋಡೆಯ ಮೇಲಿರಲಿ. ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಮನೆಯಲ್ಲಿ ಇಟ್ಟುಕೊಳ್ಳಬಹುದೇ, ಎಷ್ಟು ಸಿಂಪಡಿಸಬೇಕು ಎಂದು ವೈದ್ಯರನ್ನು ಇದೇ ಕರೆಯಲ್ಲಿ ಕೇಳಿ. ಆಸ್ಪತ್ರೆ ದೂರವಿರುವ ಮನೆಗೆ ಅದು ದೊಡ್ಡ ಆಸರೆ.

ಇನ್ನು ಮೂರನೇ ಅಲೆ. ಅದು ಮಕ್ಕಳನ್ನೇ ಆರಿಸಿ ಹಿಡಿಯುತ್ತದೆ ಎನ್ನಲು ಆಧಾರವಿಲ್ಲ. ಭಾರತೀಯ ಮಕ್ಕಳ ತಜ್ಞರ ಸಂಘವೂ ಇದನ್ನೇ ಹೇಳಿದೆ. ಮಾತು ಹುಟ್ಟಿದ್ದು ಹೀಗೆ: 2021ರಲ್ಲಿ ದೊಡ್ಡವರಿಗೆ ಲಸಿಕೆ ಆಗುತ್ತಿದ್ದಾಗ 18ರ ಕೆಳಗಿನವರಿಗೆ ಇನ್ನೂ ಇರಲಿಲ್ಲ, ಹಾಗಾದರೆ ಉಳಿದವರು ಮಕ್ಕಳೇ ತಾನೆ ಎಂಬ ಲೆಕ್ಕ. ಆದರೆ ಸೋಂಕು ತಗಲಿದ ಮಕ್ಕಳಲ್ಲಿ ಬಹುಪಾಲಿಗೆ ಲಕ್ಷಣವೇ ಇರುವುದಿಲ್ಲ, ಇದ್ದರೂ ಸೌಮ್ಯ. ಹಾಗೆಂದು ನಿಮ್ಮ ಮಗನಿಗೆ ಅಪಾಯವೇ ಇಲ್ಲ ಎನ್ನಲಾರೆ. ಬಿಗಿ ಬೆನ್ನು, ದುರ್ಬಲ ಕೆಮ್ಮು, ನುಂಗುವ ತೊಂದರೆ ಇರುವ ಮಗುವಿಗೆ ಯಾವ ಶ್ವಾಸಕೋಶದ ಸೋಂಕಾದರೂ ಹೆಚ್ಚು ಕಷ್ಟ ಕೊಡುತ್ತದೆ, ಕೊರೊನಾಕ್ಕೆ ಮೊದಲೂ ಅದು ಹಾಗೇ ಇತ್ತು. ಅವನ ರಕ್ಷಣೆ ಅವನನ್ನು ಮುಟ್ಟುವವರ ಕೈಯಲ್ಲಿದೆ. ನೀವು, ಯಜಮಾನರು, ಅತ್ತೆ ಮೂವರೂ ಲಸಿಕೆ ಹಾಕಿಸಿಕೊಳ್ಳಿ. ಮಗುವನ್ನು ಬಿಟ್ಟು ಹೋಗಲು ಆಗುವುದಿಲ್ಲವೆಂದು ತಾಯಂದಿರೇ ಕೊನೆಗೆ ಉಳಿಯುತ್ತಾರೆ. ನಿಮ್ಮ ಮನೆಯಲ್ಲಿ ಮೊದಲು ನೀವೇ ಹೋಗಬೇಕು.

ಅವನಿಗೆ ಮಾಸ್ಕ್ ಬೇಡ. ತಾನೇ ತೆಗೆಯಲಾರದ, ಜೊಲ್ಲು ಸುರಿಸುವ, ಫಿಟ್ಸ್ ಇರುವ ಮಗುವಿಗೆ ಮಾಸ್ಕ್ ಉಸಿರುಕಟ್ಟಿಸಬಹುದು. ಹೊರಗಿಂದ ಬಂದವರು ಅವನ ಬಳಿ ಹೋಗುವಾಗ ಹಾಕಿಕೊಳ್ಳಲಿ.

ಕಷಾಯವನ್ನು ಇವತ್ತೇ ನಿಲ್ಲಿಸಿ ಎನ್ನುತ್ತೇನೆ. ಕರಿಮೆಣಸು ಕೆಟ್ಟದ್ದೆಂದಲ್ಲ. ತೆಳುವಾದ, ಬಿಸಿಯಾದ, ಖಾರದ ದ್ರವ ನುಂಗುವ ತೊಂದರೆ ಇರುವ ಗಂಟಲಿಗೆ ಎಲ್ಲಕ್ಕಿಂತ ಕಷ್ಟದ್ದು. ಗಂಟಲು ಮುಚ್ಚಿಕೊಳ್ಳುವ ಮೊದಲೇ ಅದು ಹರಿದು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವು ಮಕ್ಕಳು ಕೆಮ್ಮುವುದೂ ಇಲ್ಲ. ಊಟದ ನಂತರ ಸ್ವರ ಗೊರಗೊರ ಎನ್ನುವುದು, ಕಣ್ಣಲ್ಲಿ ನೀರು ಬರುವುದು, ಪದೇ ಪದೇ ಎದೆ ಕಟ್ಟಿ ಜ್ವರ ಬರುವುದು ಇದರ ಗುರುತು. ನೀರನ್ನೂ ಎಚ್ಚರದಿಂದ ಸ್ವಲ್ಪಸ್ವಲ್ಪ ಕೊಡಿ. ಗಂಜಿಯನ್ನು ಚಮಚ ವಾಲಿಸಿದರೆ ನಿಧಾನವಾಗಿ ಜಾರುವಷ್ಟು ಗಟ್ಟಿ ಮಾಡಿ. ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಅಕ್ಕಿ ರೊಟ್ಟಿ ಒಣಗಿದ ತುಂಡಾಗಿ ಬೇಡ. ಸಾರಿನಲ್ಲಿ ಪೂರ್ತಿ ಕಿವುಚಿ ಒಂದೇ ಹದದ ಮುದ್ದೆಯಾದ ಮೇಲೆ ಕೊಡಬಹುದು. ಅಕ್ಕಿಯ ಅಗುಳು ಒಂದು ಕಡೆ, ತಿಳಿ ಸಾರು ಇನ್ನೊಂದು ಕಡೆ ಇರುವ ತುತ್ತು ಬಹಳ ಕೆಟ್ಟದ್ದು. ಕೂರಿಸಿಯೇ ಉಣಿಸಿ, ಗಲ್ಲ ಸ್ವಲ್ಪ ಎದೆಯ ಕಡೆಗಿರಲಿ. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯಬೇಡಿ. ಅರ್ಧ ಚಮಚ, ನುಂಗಿದ ಮೇಲೆ ಇನ್ನರ್ಧ. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ಬಿಸಿ ಆವಿ ಹಿಡಿಸುವುದೂ ಬೇಡ, ಕೈಕಾಲು ಎಗರುವ ಮಗುವಿನ ಪಕ್ಕ ಕುದಿಯುವ ನೀರು ಇಡಬಾರದು.

ಕಾಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ನೀವೇ ಮಾಡಬಹುದಾದದ್ದು ತುಂಬ ಇದೆ. ಎಲುಬು ಬೆಳೆಯುತ್ತದೆ, ಬಿಗಿಯಾದ ಸ್ನಾಯು ಅದೇ ವೇಗದಲ್ಲಿ ಉದ್ದವಾಗುವುದಿಲ್ಲ. ಹದಿನೈದು ತಿಂಗಳಲ್ಲಿ ಅವನು ಎತ್ತರ ಆಗಿದ್ದಾನೆ, ಮೀನಖಂಡ ಹಿಂದೆ ಉಳಿದಿದೆ. ಹಿಮ್ಮಡಿ ಮೇಲೇರಿದ್ದು ಇದರಿಂದ. ಹಳೆಯ ಸ್ಪ್ಲಿಂಟ್ ಈಗ ಚಿಕ್ಕದಾಗಿರುವ ಸಾಧ್ಯತೆಯೇ ಹೆಚ್ಚು, ಅವನ ಅಳುವನ್ನು ಹಠವೆಂದುಕೊಳ್ಳಬೇಡಿ. ಹೊಲಿಗೆ ಒತ್ತದ ಹತ್ತಿ ಕಾಲುಚೀಲ ಹಾಕಿ ಸ್ಪ್ಲಿಂಟನ್ನು 20 ನಿಮಿಷ ಕಟ್ಟಿ, ಬಿಚ್ಚಿ ನೋಡಿ. ಕೆಂಪು ಗುರುತು ಇನ್ನು 20 ನಿಮಿಷದಲ್ಲಿ ಮಾಸದಿದ್ದರೆ, ಬೆರಳು ಅಂಚಿನಿಂದ ಹೊರಗೆ ಬಂದಿದ್ದರೆ, ಹಿಮ್ಮಡಿ ಒಳಗೆ ಕೂರದೆ ಎದ್ದಿದ್ದರೆ ಅದನ್ನು ಮತ್ತೆ ಹಾಕಬೇಡಿ. ಹೊಸ ಅಳತೆ ಬೇಕು. ಸರಿಯಾಗಿ ಕೂತರೆ ಮೊದಲ ವಾರ ಅರ್ಧ ಗಂಟೆಯಿಂದ ಶುರು ಮಾಡಿ ದಿನಕ್ಕೆ ಒಟ್ಟು ಐದಾರು ಗಂಟೆಗೆ ಏರಿಸಿ. ಮಳೆಗಾಲದಲ್ಲಿ ಒದ್ದೆಯಾದರೆ ಬಟ್ಟೆಯಿಂದ ಒರೆಸಿ ಗಾಳಿಗೆ ಇಡಿ. ಒಲೆಯ ಮೇಲಿನ ಅಟ್ಟಕ್ಕೆ ಬೇಡ, ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಎಳೆಯುವ ವ್ಯಾಯಾಮ ಹೀಗೆ. ಅಂಗಾತ ಮಲಗಿಸಿ, ಮಂಡಿ ನೇರ ಇರಲಿ. ನಿಮ್ಮ ಅಂಗೈಯಲ್ಲಿ ಅವನ ಹಿಮ್ಮಡಿ, ಮುಂಗೈಯ ಮೇಲೆ ಅವನ ಅಂಗಾಲು. ಹಿಮ್ಮಡಿಯನ್ನು ಕೆಳಕ್ಕೆ ಎಳೆಯುತ್ತಾ ಪಾದವನ್ನು ಮೊಣಕಾಲಿನ ಕಡೆಗೆ ಒತ್ತಿ. ಹಿಮ್ಮಡಿ ಪಕ್ಕಕ್ಕೆ ಹೊರಳದಂತೆ ನೋಡಿಕೊಳ್ಳಿ. ಬೆರಳ ಬುಡವನ್ನು ಮಾತ್ರ ಒತ್ತಿದರೆ ಪಾದ ನಡುವೆ ಬಾಗುತ್ತದೆ, ಹಿಮ್ಮಡಿ ಅಲ್ಲೇ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ಇದೇ. ಬಿಗಿತ ಎದುರಾದಲ್ಲಿ ನಿಲ್ಲಿ, ಮೂವತ್ತು ಎಣಿಸಿ, ಸಡಿಲವಾದರೆ ಇನ್ನಷ್ಟು ಹೋಗಿ. ಕಾಲಿಗೆ ಐದು ಸಲ, ದಿನಕ್ಕೆ ಎರಡು ಹೊತ್ತು. ಬಿಸಿನೀರಿನ ಸ್ನಾನದ ನಂತರ ಸುಲಭ. ತೊಡೆಸಂದಿಯ ಬಿಗಿತಕ್ಕೆ ಒಂದು ಕಂಬಳಿಯನ್ನು ಉರುಳೆಯಂತೆ ಗಟ್ಟಿಯಾಗಿ ಸುತ್ತಿ ಕಟ್ಟಿ ಅದರ ಮೇಲೆ ಎರಡೂ ಕಡೆ ಕಾಲು ಬಿಟ್ಟು ಹದಿನೈದು ನಿಮಿಷ ಕೂರಿಸಿ, ಬೆನ್ನಿಗೆ ನೀವು ಒರಗು ಕೊಡಿ. ಐದು ನಿಮಿಷದ ಎಳೆತಕ್ಕಿಂತ ಗಂಟೆಗಟ್ಟಲೆ ಸರಿಯಾದ ಭಂಗಿಯಲ್ಲಿ ಇರುವುದೇ ಹೆಚ್ಚು ಫಲ ಕೊಡುತ್ತದೆ.

ಒಂದು ಎಚ್ಚರಿಕೆ. ನಡೆಯದ, ಬಿಸಿಲು ಕಾಣದ, ವರ್ಷಗಟ್ಟಲೆ ಫಿಟ್ಸ್ ಔಷಧಿ ತೆಗೆದುಕೊಂಡ ಮಕ್ಕಳ ಎಲುಬು ಪೊಳ್ಳಾಗಿರುತ್ತದೆ. ಜಗ್ಗಿ ನೇರ ಮಾಡುವವರ ಕೈಗೆ ಕೊಟ್ಟರೆ ತೊಡೆ ಎಲುಬು ಮುರಿಯಬಹುದು. ಎಣ್ಣೆ ತಿಕ್ಕುವುದರಿಂದ ಮೈ ಹಗುರಾಗುತ್ತದೆ, ನಿದ್ದೆ ಬರುತ್ತದೆ, ಮಾಡಿ. ಅದರಿಂದ ಕುಗ್ಗಿದ ಸ್ನಾಯು ಉದ್ದವಾಗುವುದಿಲ್ಲ. ಕಾಲು ಅಗಲಿಸುವಾಗ ಒಂದು ಕಡೆ ಮಾತ್ರ ಬಿಗಿ ಹೆಚ್ಚಿದ್ದರೆ, ಡೈಪರ್ ಬದಲಿಸುವಾಗ ಚೀರಿದರೆ, ಮಂಡಿ ಮಡಚಿ ನೋಡಿದಾಗ ಒಂದು ಮಂಡಿ ತಗ್ಗಿದ್ದರೆ ಸೊಂಟದ ಕೀಲು ಜಾರಿರಬಹುದು. ಆಗ ವ್ಯಾಯಾಮ ನಿಲ್ಲಿಸಿ ಎಕ್ಸ್‌ರೇ ಮಾಡಿಸಿ. ಇದನ್ನು ಲಾಕ್‌ಡೌನ್ ಮುಗಿಯಲಿ ಎಂದು ಮುಂದೂಡಬೇಡಿ.

ಕುರ್ಚಿಗೆ ತೋಟದ ಬಡಗಿ ಸಾಕು. ಸಿಲ್ವರ್ ಓಕ್ ಹಲಗೆ ಎರಡನ್ನು ಮೂಲೆಯಂತೆ ಜೋಡಿಸಿ ಹಿಂಬದಿ, ಕೆಳಗೆ ಆಸನ, ಅಂಗಾಲು ಪೂರ್ತಿ ಊರುವ ಮೆಟ್ಟು. ಸೊಂಟ, ಮಂಡಿ, ಪಾದದ ಗಂಟು ಮೂರೂ ಲಂಬಕೋನದಲ್ಲಿ ಬರಬೇಕು. ಪಟ್ಟಿ ಸೊಂಟದ ಮೇಲೆ ಬರಲಿ, ಹೊಟ್ಟೆಯ ಮೇಲೆ ಬೇಡ. ನಿಲ್ಲುವ ಚೌಕಟ್ಟನ್ನು ಮಾತ್ರ ಥೆರಪಿಸ್ಟ್ ಅಳತೆ ಹೇಳದೆ ಮಾಡಿಸಬೇಡಿ.

ಅಳತೆ ಹೇಳಿಸಿಕೊಳ್ಳಲು ನೇರ ವಿಡಿಯೋ ಕರೆಯೇ ಬೇಕಿಲ್ಲ. ಎರಡು ನಿಮಿಷದ ಮೂರು ವಿಡಿಯೋ ಮಾಡಿ: ಮಲಗಿಸಿ ಕಾಲು ಎಳೆಯುವುದು (ಪಕ್ಕದಿಂದ, ಸೊಂಟದಿಂದ ಪಾದದವರೆಗೆ ಕಾಣುವಂತೆ), ಕೂತಿರುವುದು (ಎದುರಿನಿಂದ), ಉಣ್ಣುವುದು (ಗಲ್ಲ ಮತ್ತು ಗಂಟಲು ಕಾಣುವಂತೆ). ಯಜಮಾನರು ನೆಟ್‌ವರ್ಕ್ ಸಿಗುವ ಕಡೆ ಹೋದಾಗ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲಿ, ಉತ್ತರ ಧ್ವನಿ ಸಂದೇಶವಾಗಿ ಬರಲಿ. ಮೈಸೂರಿನ ನಿಮ್ಮ ಥೆರಪಿಸ್ಟ್ ಇದಕ್ಕೆ ಬೇಡವೆನ್ನಲಾರರು. ನುಂಗುವ, ಸಂವಹನದ ತೊಂದರೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಕೇಳಬಹುದು. ಶಾಲೆಯ ಆನ್‌ಲೈನ್ ಕ್ಲಾಸ್ ತಪ್ಪಿತೆಂದು ಕೊರಗಬೇಡಿ, ಈ ಮಗುವಿಗೆ ಪರದೆಯ ಪಾಠದಿಂದ ಆಗುವುದು ಅಷ್ಟಕ್ಕಷ್ಟೇ. ಬದಲಿಗೆ ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು, ಗೃಹಾಧಾರಿತ ಶಿಕ್ಷಣಕ್ಕೆ ಯಾವಾಗ ಬರುತ್ತಾರೆಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಬರೆದು ಕೇಳಿ.

ರಾತ್ರಿ ತಲೆ ಹೊಡೆದುಕೊಳ್ಳುವುದಕ್ಕೆ ಮನಸ್ಸಿನ ಕಾರಣ ಹುಡುಕುವ ಮೊದಲು ನೋವು ಹುಡುಕಿ. ಮಾತಿಲ್ಲದ ಮಗು ನೋವನ್ನು ಹೇಳುವುದು ಹೀಗೇ. ಮಲ ಎಷ್ಟು ದಿನಕ್ಕೊಮ್ಮೆ ಆಗುತ್ತಿದೆ? ಮೂರು ದಿನ ದಾಟಿದರೆ, ಆಡಿನ ಹಿಕ್ಕೆಯಂತಿದ್ದರೆ ಮೊದಲ ಅನುಮಾನ ಅದೇ. ಓಡಾಟ ನಿಂತಿದೆ, ಚಳಿಗೆ ನೀರೂ ಕಡಿಮೆ. ಹಲ್ಲು ಹುಳುಕಾಗಿದೆಯೇ ಟಾರ್ಚ್ ಹಿಡಿದು ನೋಡಿ. ಕಿವಿಯ ಮುಂದೆ ಒತ್ತಿ ನೋಡಿ. ಮಲಗಿಸಿದ ಕೂಡಲೇ ಅತ್ತು, ಎತ್ತಿಕೊಂಡರೆ ಸುಮ್ಮನಾದರೆ ಹೊಟ್ಟೆಯ ಆಮ್ಲ ಮೇಲೇರುತ್ತಿರಬಹುದು. ಇವೆಲ್ಲ ಇಲ್ಲವೆಂದಾದರೆ ದಿನಚರಿಗೆ ಬನ್ನಿ. ಶಾಲೆಯ ವ್ಯಾನು, ಆಯಾ, ಗಂಟೆ ಎಲ್ಲವೂ ಒಂದೇ ದಿನ ಮಾಯವಾದವು, ಯಾಕೆಂದು ಅವನಿಗೆ ಯಾರೂ ಹೇಳಲಿಲ್ಲ. ಮುಂದೆ ಏನು ಬರುತ್ತದೆ ಎಂದು ಅವನ ಕೈಗೇ ಕೊಟ್ಟು ಹೇಳಿ: ಊಟಕ್ಕೆ ಮೊದಲು ಚಮಚ, ಸ್ನಾನಕ್ಕೆ ಮೊದಲು ಟವೆಲ್, ವ್ಯಾಯಾಮಕ್ಕೆ ಮೊದಲು ಕಾಲುಚೀಲ. ದಿನಾ ಅದೇ ಹೊತ್ತು, ಅದೇ ವಸ್ತು. ಎರಡು ಮೂರು ವಾರ ಬೇಕಾಗುತ್ತದೆ. ಹಗಲು ನಿದ್ದೆ ಒಂದು ಗಂಟೆ ಮೀರದಿರಲಿ. ಹೊಡೆದುಕೊಳ್ಳುವಾಗ ಕೈ ಕಟ್ಟಿಹಾಕಬೇಡಿ, ತಲೆಯ ಕೆಳಗೆ ದಿಂಬಿಟ್ಟು ಅವನ ಕೈ ಹಿಡಿದುಕೊಳ್ಳಿ.

ಅವನಿಗೇ ಕೊರೊನಾ ಬಂದರೆ ಉಸಿರು ಎಣಿಸಿ. ಅಳದಿರುವಾಗ, ಪೂರ್ತಿ ಒಂದು ನಿಮಿಷ. ಈ ವಯಸ್ಸಿಗೆ ನಿಮಿಷಕ್ಕೆ 30 ಅಥವಾ ಹೆಚ್ಚು, ಎದೆಗೂಡಿನ ಕೆಳಗೆ ಒಳಸೆಳೆತ, ತುಟಿ ನೀಲಿ, ಎಬ್ಬಿಸಿದರೂ ಏಳದ ಮಂಪರು, ಆಕ್ಸಿಜನ್ 94ಕ್ಕಿಂತ ಕಡಿಮೆ: ಯಾವುದೇ ಒಂದಿದ್ದರೂ ಆಸ್ಪತ್ರೆಗೆ. ಬಿಗಿದ ಮುಷ್ಟಿಯ ತಣ್ಣನೆ ಬೆರಳಿಗೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ, ಬೆರಳನ್ನು ಉಜ್ಜಿ ಬಿಸಿ ಮಾಡಿ, ಅಂಕಿ ಸ್ಥಿರವಾಗುವವರೆಗೆ ಕಾಯಿರಿ. ಗುಣವಾದ ಎರಡರಿಂದ ಆರು ವಾರದಲ್ಲಿ ಮತ್ತೆ ಜ್ವರ, ಕಣ್ಣು ಕೆಂಪು, ಮೈಮೇಲೆ ದದ್ದು, ಹೊಟ್ಟೆನೋವು ಬಂದರೂ ತಡಮಾಡಬೇಡಿ. ಆಸ್ಪತ್ರೆಯಲ್ಲಿ ಅವನ ಜೊತೆ ಒಬ್ಬರು ಇರಲೇಬೇಕೆಂದು ಹೇಳಿ. ಮಾತಾಡದ, ಬೇರೆಯವರ ಕೈಯಲ್ಲಿ ಉಣ್ಣದ ಮಗು ಅವನು.

ಸೋಂಕು ನಿಮಗೆ ಬಂದರೆ? ಬೇರೆ ಯಾರೂ ಇಲ್ಲದಿದ್ದರೆ ಮಾಸ್ಕ್ ಹಾಕಿ, ಕೈ ತೊಳೆದು, ಕಿಟಕಿ ತೆರೆದಿಟ್ಟು ನೀವೇ ನೋಡಿಕೊಳ್ಳಬಹುದು. ಆದರೆ ನಿಮಗೆ ಏಳಲಾಗದಂತಾದರೆ ಎಂಬುದಕ್ಕೆ ಉತ್ತರ ಈಗಲೇ ಬೇಕು. ಅತ್ತೆಗೆ 68, 19 ಕಿಲೋ ಎತ್ತುವ ವಯಸ್ಸಲ್ಲ, ಸೋಂಕಿನ ಅಪಾಯವೂ ಅವರಿಗೇ ಹೆಚ್ಚು. ಉಳಿದವರು ಯಜಮಾನರು. ಅವರಿಗೆ ಮನಸ್ಸಿಲ್ಲ ಎಂದು ನಾನು ನಂಬುವುದಿಲ್ಲ, ಒಂಬತ್ತು ವರ್ಷ ಆ ಕೆಲಸ ಅವರ ಕೈಗೆ ಬಂದೇ ಇಲ್ಲ. ನಿಮ್ಮ ತಲೆಯಲ್ಲಿರುವುದನ್ನೆಲ್ಲ ಒಂದು ಹಾಳೆಗೆ ಇಳಿಸಿ. ಔಷಧಿಯ ಹೆಸರು, ಮಿ.ಲೀ., ಗಂಟೆ. ಗಂಜಿಯ ಹದ, ಎಷ್ಟು ಹೊತ್ತಲ್ಲಿ ಎಷ್ಟು. ಹೇಗೆ ಎತ್ತಬೇಕು. ಫಿಟ್ಸ್ ಹೇಗೆ ಶುರುವಾಗುತ್ತದೆ. ಯಾವ ಸದ್ದು ಹಸಿವು, ಯಾವುದು ನೋವು, ಯಾವುದು ಸಂತೋಷ. ಯಾರಿಗೆ ಫೋನ್ ಮಾಡಬೇಕು. ವಿಶಿಷ್ಟ ಅಂಗವೈಕಲ್ಯ ಗುರುತಿನ ಚೀಟಿಯ, ಆಧಾರ್‌ನ ಪ್ರತಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಂದು ಪ್ರತಿ ಗೋಡೆಗೆ, ಇನ್ನೊಂದು ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ.

ಅದೇ ಚೀಲ ಮಳೆಗೂ ಬೇಕಾಗುತ್ತದೆ. 2018, 2019, 2020ರ ಆಗಸ್ಟ್‌ಗಳ ಮಳೆ, ಭೂಕುಸಿತಗಳನ್ನು ಕೊಡಗಿನವರಿಗೆ ನೆನಪಿಸಬೇಕಿಲ್ಲ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಂಗವಿಕಲರ ವಿವರ ಇಟ್ಟುಕೊಂಡು ಅಪಾಯದ ಮುನ್ಸೂಚನೆ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಂ ಹೇಳುತ್ತದೆ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಎತ್ತಿಕೊಂಡೇ ಸಾಗಿಸಬೇಕಾದ ಮಗು ಈ ಮನೆಯಲ್ಲಿದೆ ಎಂದು ಬರೆಸಿ. ಖರ್ಚಿಗೆ ನಿರಾಮಯ ಆರೋಗ್ಯ ವಿಮೆಯನ್ನೂ ಅವರ ಬಳಿಯೇ ವಿಚಾರಿಸಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ.

ನಿಮ್ಮ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ಹದಿನೈದು ತಿಂಗಳು ಬಿಡುವಿಲ್ಲದೆ ಮಾಡಿದ ದುಡಿಮೆಗೆ ದಣಿವು ಬರಲೇಬೇಕು, ಅದು ನಿಮ್ಮ ಪ್ರೀತಿಯ ಕೊರತೆಯಲ್ಲ. ಸಹನೆ ಕಟ್ಟೆಯೊಡೆಯುವ ಹೊತ್ತಿಗೆ ಅವನನ್ನು ನೆಲದ ಹಾಸಿಗೆಯಲ್ಲಿ ಪಕ್ಕಕ್ಕೆ ಮಲಗಿಸಿ ಐದು ನಿಮಿಷ ಅಂಗಳಕ್ಕೆ ಹೋಗಿ ಬನ್ನಿ, ಅದರಿಂದ ಅವನಿಗೇನೂ ಆಗುವುದಿಲ್ಲ. ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಬಂದರೆ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ.

ವಾರಕ್ಕೊಂದು ದಿನ, ತೋಟದ ರಜೆಯ ಭಾನುವಾರ, ಬೆಳಗಿನ ಔಷಧಿಯಿಂದ ರಾತ್ರಿಯ ಊಟದವರೆಗೆ ಯಜಮಾನರು ಆ ಹಾಳೆ ನೋಡಿ ಮಾಡಲಿ. ನೀವು ಬೇರೆ ಕೋಣೆಯಲ್ಲಿರಿ, ಕರೆದರೆ ಮಾತ್ರ ಹೋಗಿ. ಮೊದಲ ಭಾನುವಾರ ಗಂಜಿ ಚೆಲ್ಲುತ್ತದೆ, ಮಗ ಅಳುತ್ತಾನೆ. ಅವರು ಎಲ್ಲಿ ತಡವರಿಸಿದರೋ ಹಾಳೆಯಲ್ಲಿ ಅಲ್ಲಿಗೆ ಇನ್ನೊಂದು ಸಾಲು ಸೇರಿಸಿ.